ಚಿಟಿಕೆ ಬಣ್ಣ ಸಾಕು ಅಂದಿದ್ದರು

ನಮ್ಮ ಬಚ್ಚಲಿನಿಂದ ಆ ಸದ್ದು ಮೊದಲು ಯಾವತ್ತು ಕೇಳಿಸಿತೋ ನೆನಪಿಲ್ಲ. ಒಂದು ಸಲ ಕಿವಿಗೆ ಬಿದ್ದ ಮೇಲೆ ಮಾತ್ರ ಬೇರೇನೂ ಕೇಳಿಸದಂತಾಯಿತು. ಸುಯ್... ಅಂತ ಶುರುವಾಗುತ್ತಿತ್ತು, ಒಂದು ನಿಮಿಷ ನಡೆದು ನಿಲ್ಲುತ್ತಿತ್ತು. ನಿಂತಿತಲ್ಲ ಎಂದು ಪೇಪರ್ ಬಿಡಿಸಿದರೆ ಮತ್ತೆ ಸುಯ್. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಗಾಯಿತೆಂದರೆ ಎಡಬಲದ ಮನೆಗಳಲ್ಲಿ ಮಗ್ಗಗಳು ಶುರು. ಪಕ್ಕದಲ್ಲಿ ಕೂತವರ ಮಾತೇ ಕೇಳಿಸದು. ನನಗೆ ಆ ಗದ್ದಲದ ನಡುವೆಯೂ ಈ ಸುಯ್ ಕೇಳುತ್ತಿತ್ತು. ಕೂತಲ್ಲಿ ಕೂರಲಾಗದೆ ಎದ್ದು ಬಚ್ಚಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ, ವಾಪಸ್ ಬರುತ್ತಿದ್ದೆ, ಮಹಡಿ ಹತ್ತಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಇಣುಕುತ್ತಿದ್ದೆ.

"ರೀ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ? ಒಂದ್ಕಡೆ ಕೂತ್ಕೊಳ್ರೀ. ನಿಮ್ಮನ್ನ ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ," ಎಂದು ಹೆಂಡತಿ ರೇಗುತ್ತಿದ್ದಳು.

ಇಣುಕದೆ ಏನು ಮಾಡಲಿ? ನಮ್ಮ ಬೀದಿಗೆ ನಲ್ಲಿ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಮಹಡಿಯ ಟ್ಯಾಂಕ್ ತುಂಬಿಸಿಟ್ಟರೆ ನಾನು, ಹೆಂಡತಿ ಇಬ್ಬರೇ ಇದ್ದಾಗ ಆರಾಮಾಗಿ ನಾಲ್ಕು ದಿನ ಸಾಲುತ್ತಿತ್ತು. ಅಕ್ಕ ಬಂದ ಮೇಲೆ ಎರಡನೇ ದಿನಕ್ಕೇ ನಲ್ಲಿ ಕೆಮ್ಮಲು ಶುರುಮಾಡುತ್ತಿತ್ತು. ಅಕ್ಕ ಬಂದ ಮೇಲೆ. ಈ ಮಾತನ್ನು ನಾನು ಆಗ ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ದೇವನಹಳ್ಳಿಯ ಏರ್‌ಪೋರ್ಟ್ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ನನಗೆ ಅಲ್ಲಿ ಪ್ರಯಾಣಿಕರ ಸಾಮಾನು ಸಾಗಿಸುವ ಕಡೆ ಮೇಲ್ವಿಚಾರಣೆಯ ಕೆಲಸ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಭಾವ ತೀರಿಕೊಂಡ ಮೇಲೂ ಸಾಸಲಿನ ಹತ್ತಿರದ ಹೊಲವನ್ನು ಒಬ್ಬಳೇ ನೋಡಿಕೊಂಡವಳು, ಪಂಪ್‌ಸೆಟ್ ಕೆಟ್ಟರೆ ಸೆರಗು ಸಿಕ್ಕಿಸಿಕೊಂಡು ಬಾವಿಗೆ ಇಳಿದವಳು. ಕೊನೆಗೆ ಮಂಡಿ ಕೈಕೊಟ್ಟಿತು. ಕೂತರೆ ಏಳಲಾಗದು. ಹೊಲವನ್ನು ಪಾಲಿಗೆ ಕೊಟ್ಟು, ದೊಡ್ಡಬಳ್ಳಾಪುರದ ಡಾಕ್ಟರ ಹತ್ತಿರ ತೋರಿಸಿಕೊಳ್ಳಲು ನಮ್ಮ ಮನೆಗೆ ಬಂದಳು. ನಾನೇ ಹೋಗಿ ಕರೆದುಕೊಂಡು ಬಂದೆ, ಅಷ್ಟರಮಟ್ಟಿಗೆ ಒಳ್ಳೆಯವನೇ.

ನಮ್ಮ ಮನೆಯಲ್ಲಿದ್ದದ್ದು ಹಿತ್ತಲಿನ ಹಳೇ ಕಕ್ಕಸು, ಕುಕ್ಕರಗಾಲಲ್ಲಿ ಕೂರುವಂಥದ್ದು. ಅಕ್ಕನಿಗೆ ಅದು ಆಗದ ಮಾತು. ಬಚ್ಚಲಿನ ಮೂಲೆಯಲ್ಲಿ ಕುರ್ಚಿಯ ಹಾಗೆ ಕೂರುವ ಕಮೋಡ್ ಹಾಕಿಸೋಣ ಎಂದುಕೊಂಡೆ. ಆಗ ರಸ್ತೆ ಅಗಲ ಮಾಡುವ ಭರದಲ್ಲಿ ದೇವನಹಳ್ಳಿ ಕಡೆ ಸಾಲು ಸಾಲು ಕಟ್ಟಡಗಳನ್ನು ಕೆಡವುತ್ತಿದ್ದರು. ಕೆಡವಿದ್ದರ ಬಾಗಿಲು, ಕಿಟಕಿ, ಗ್ರಿಲ್ಲು, ಬೇಸಿನ್ನು ಎಲ್ಲ ರಸ್ತೆ ಬದಿಯಲ್ಲಿ ಮಾರಾಟಕ್ಕೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಯಾವುದೋ ಹಳೇ ಗೆಸ್ಟ್‌ಹೌಸಿನ ಪಿಂಗಾಣಿ ಕಮೋಡು, ಅದರ ಜೊತೆಗೆ ಪಿಂಗಾಣಿಯದ್ದೇ ಫ್ಲಶ್ ಟ್ಯಾಂಕು. ಟ್ಯಾಂಕಿನ ಮೇಲೆ ನೀಲಿ ಹೂವಿನ ಬಳ್ಳಿ, ಒಳಗೆ ನೀರಿನ ಮೇಲೆ ತೇಲುವ ತಾಮ್ರದ ಚೆಂಡು, ಪಕ್ಕದಲ್ಲಿ ಒತ್ತಲು ಹಿತ್ತಾಳೆ ಹಿಡಿ. ತಂದು ಕೂರಿಸಿದ ದಿನ ಬೀದಿಯವರನ್ನೆಲ್ಲ ಕರೆದು ತೋರಿಸಿದೆ. "ಈಗಿನ ಪ್ಲಾಸ್ಟಿಕ್ ಟ್ಯಾಂಕೆಲ್ಲ ಇದ್ರ ಮುಂದೆ ಏನೂ ಅಲ್ಲ. ನೂರು ವರ್ಷಕ್ಕೂ ಏನೂ ಆಗಲ್ಲ," ಅಂತ ಬಡಾಯಿ ಬೇರೆ. ಅಕ್ಕ ಬಾಗಿಲಲ್ಲಿ ನಿಂತು, "ಇದ್ರಲ್ಲಿ ಹೂ ಇಕ್ಕಿ ಪೂಜೆ ಮಾಡಂಗೈತೆ ಕಣ್ಲಾ," ಎಂದು ನಕ್ಕಳು.

ಆ ಟ್ಯಾಂಕನ್ನು ಬಳಸುತ್ತಿದ್ದವಳು ಅಕ್ಕ ಒಬ್ಬಳೇ. ನಾವಿಬ್ಬರೂ ಹಿತ್ತಲಿಗೇ ಹೋಗುತ್ತಿದ್ದೆವು. ಹಾಗಾಗಿ ನೀರು ಖಾಲಿಯಾದರೆ ಬೆರಳು ಯಾರ ಕಡೆ ತೋರಿಸಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸುಯ್ ಸದ್ದು ಬಚ್ಚಲಲ್ಲಿ ಯಾರೂ ಇಲ್ಲದಾಗಲೂ ಬರುತ್ತಿತ್ತಲ್ಲ ಎಂದರೆ, ಅದಕ್ಕೂ ನನ್ನ ಬಳಿ ಉತ್ತರವಿತ್ತು: ಪೈಪಿನಲ್ಲಿ ಗಾಳಿ. ಹೆಂಡತಿಯ ಕಾಟಕ್ಕೆ ಕೊಳಾಯಿ ರಿಪೇರಿಯವನನ್ನು ಒಂದು ಸಲ ಕರೆಸಿದೆ. ಅವನು ಮುಚ್ಚಳ ಎತ್ತಿ ನೋಡಿ, "ಸಾರ್, ಇದ್ರ ಸಾಮಾನು ಈಗ ಎಲ್ಲೂ ಸಿಗಲ್ಲ. ಕಿತ್ತು ಬಿಸಾಕಿ ಪ್ಲಾಸ್ಟಿಕ್‌ದು ಹಾಕ್ಸಿ," ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ನಿಂಗೆ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು, ಬಿಸಾಕಿ ಅಂತ ನಂಗೆ ಹೇಳ್ಬೇಡ," ಎಂದು ಕಳಿಸಿಬಿಟ್ಟೆ. ನನ್ನ ಟ್ಯಾಂಕು ಸೋರುತ್ತದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ನನ್ನ ಅಕ್ಕನಿಗೆ ನೀರಿನ ಬೆಲೆ ಗೊತ್ತಿಲ್ಲ ಎಂದು ನಂಬುವುದು ಸುಲಭವಾಗಿತ್ತು.

ಒಂದು ದಿನ ಅಂದೇಬಿಟ್ಟೆ. ತಿಂಡಿಗೆ ಕೂತಿದ್ದೆವು. ನಲ್ಲಿ ಆಗಷ್ಟೇ ನಿಂತಿತ್ತು. "ಅಕ್ಕಾ, ಒಂದು ಸಲ ಒತ್ತಿದ್ರೆ ಸಾಕು ಕಣಕ್ಕ. ಹತ್ತು ಸಲ ಒತ್ತಕ್ಕೆ ಇದೇನು ನಿನ್ನ ಹೊಲದ ಪಂಪ್‌ಸೆಟ್ಟಾ?" ಎಂದೆ.

ಅಕ್ಕನ ಕೈಯಲ್ಲಿದ್ದ ರೊಟ್ಟಿ ಚೂರು ತಟ್ಟೆಗೆ ಇಳಿಯಿತು. "ಆಯ್ತು ಕಣಪ್ಪ," ಎಂದಳು. ಅಷ್ಟೇ. ನಾನಲ್ಲ, ನಾನು ಒಂದೇ ಸಲ ಒತ್ತಿದ್ದು ಎಂದು ಒಂದು ಮಾತು ಎದುರಾಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಎದುರಾಡಲಿಲ್ಲ. ಹೆಂಡತಿ ನನ್ನನ್ನು ಸುಡುವಂತೆ ನೋಡಿದಳು.

ಮಾರನೇ ದಿನದಿಂದ ಬಚ್ಚಲಿನಲ್ಲಿ ಒಂದು ಬಕೆಟ್ ಕಾಣಿಸಿಕೊಂಡಿತು. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲ ಅದರಲ್ಲಿ. ಅಕ್ಕ ಟ್ಯಾಂಕಿನ ಹಿಡಿಯನ್ನು ಮುಟ್ಟುವುದನ್ನೇ ಬಿಟ್ಟು, ಆ ಬಕೆಟ್ ನೀರು ಸುರಿದು ಬರುತ್ತಿದ್ದಳು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಂತೂ ದಾರಿಗೆ ಬಂದಳು ಎಂದು ಸಮಾಧಾನವಾಯಿತು. ಆದರೆ ಮಹಡಿಯ ನೀರು ಆ ವಾರವೂ ಎರಡೇ ದಿನಕ್ಕೆ ಮುಗಿಯಿತು. ನಾನು ಕೆಲಸಕ್ಕೆ ಹೋದ ಮೇಲೆ ಒತ್ತುತ್ತಾಳೆ ಎಂದುಕೊಂಡೆ. ಎಂಥ ತಲೆ ನೋಡಿ ನನ್ನದು!

ಆ ದಿನಗಳಲ್ಲೇ ಹೆಂಡತಿ ಇನ್ನೊಂದು ಮಾತು ಹೇಳಿದಳು. "ಅಕ್ಕ ನೀರೇ ಕುಡೀತಿಲ್ಲ ಕಣ್ರೀ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದ್ರೆ ಮುಗೀತು. ಮಜ್ಜಿಗೆ ಕೊಟ್ರೂ ಬೇಡ, ನೀರು ಕೊಟ್ರೂ ಬೇಡ. ಈ ಬಿಸಿಲಲ್ಲಿ ಬಾಯಾರಿಕೆ ಆಗ್ದೆ ಇರುತ್ತಾ? ಉರಿ ಆಗ್ತೈತೆ ಅಂತ ನನ್ಹತ್ರ ಮೆಲ್ಲಗೆ ಅಂದ್ರು."

"ವಯಸ್ಸಾದೋರಿಗೆ ಹಂಗೇ," ಎಂದು ನಾನು ಬೂಟಿನ ದಾರ ಕಟ್ಟಿಕೊಂಡೆ.

ಕೆಲಸದಲ್ಲೂ ನನಗೆ ಇದೇ ಧ್ಯಾನ. ಅಲ್ಲಿ ನೀರು ಕೊಳಾಯಿ ನೋಡಿಕೊಳ್ಳುವ ಗೆಳೆಯನೊಬ್ಬನಿದ್ದ. ನನ್ನ ಗೋಳು ಕೇಳಿ ಕೇಳಿ ಬೇಸತ್ತು ಒಂದು ಉಪಾಯ ಹೇಳಿದ. "ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀಯಾ ಗುರು? ಟ್ಯಾಂಕೊಳಗೆ ಸ್ವಲ್ಪ ಬಣ್ಣ ಹಾಕಿ ಬಿಟ್ಬಿಡು, ಹಿಡಿ ಮುಟ್ಬೇಡ. ಕಮೋಡಲ್ಲಿ ಬಣ್ಣ ಇಳೀತು ಅಂದ್ರೆ ಟ್ಯಾಂಕ್ ಸೋರ್ತೈತೆ. ಇಳೀಲಿಲ್ಲ ಅಂದ್ರೆ ಸೋರ್ತಿಲ್ಲ. ಮುಗೀತು."

ಸರಿ ಎನ್ನಿಸಿತು. ಬಣ್ಣ ಇಳಿಯುವುದಿಲ್ಲ, ಅಕ್ಕನನ್ನು ಕರೆದು ತೋರಿಸಬಹುದು. ಇದು ನನ್ನ ಮನಸ್ಸಿನಲ್ಲಿದ್ದದ್ದು. ಮಾರನೇ ಬೆಳಿಗ್ಗೆ ದೇವರ ಗೂಡಿನ ಕುಂಕುಮದ ಭರಣಿಗೆ ಕೈ ಹಾಕಿದೆ. ಹೆಂಡತಿ ಹಾರಿ ಬಂದು ಕಿತ್ತುಕೊಂಡಳು.

"ಕುಂಕುಮನ ಕಕ್ಕಸಿಗೆ ಹಾಕ್ತೀರಾ? ತಲೆಗಿಲೆ ಕೆಟ್ಟಿದೆಯಾ ನಿಮಗೆ?"

ನಮ್ಮ ಬೀದಿಯಲ್ಲಿ ಬಣ್ಣಕ್ಕೇನು ಬರ? ಎದುರು ಮನೆಯವರು ಸೀರೆ ನೂಲಿಗೆ ಬಣ್ಣ ಹಾಕುವವರು. ಅವತ್ತು ಅವರ ಹಂಡೆಯಲ್ಲಿ ಕಡುಗೆಂಪು ಕುದಿಯುತ್ತಿತ್ತು. ಕೇಳಿದೊಡನೆ ಒಂದು ಪೊಟ್ಟಣ ಕಟ್ಟಿಕೊಟ್ಟು, "ಚಿಟಿಕೆ ಸಾಕು ಸಾರ್, ನೂಲಿನ ಬಣ್ಣ ಇದು, ಜಾಸ್ತಿ ಹಾಕ್ಬೇಡಿ," ಅಂದರು. ಚಿಟಿಕೆಯಲ್ಲಿ ನಿಲ್ಲುವ ಮನುಷ್ಯನೇ ನಾನು? ಪಿಂಗಾಣಿ ಮುಚ್ಚಳ ಎತ್ತಿಟ್ಟು ಅರ್ಧ ಪೊಟ್ಟಣ ಸುರಿದು, ಕೈಯಲ್ಲೇ ಕಲಕಿದೆ. ಅಷ್ಟರಲ್ಲಿ ಬೀದಿ ತುದಿಯಲ್ಲಿ ಕಂಪನಿಯ ಕ್ಯಾಬ್ ಹಾರ್ನ್ ಹೊಡೆಯಿತು. ಮುಚ್ಚಳ ಮುಚ್ಚಿ ಓಡಿದೆ. ಹೊಸ್ತಿಲ ಹತ್ತಿರ ಅಕ್ಕ ಎದುರಾದಳು. ಗೋಡೆ ಹಿಡಿದುಕೊಂಡು ಬಚ್ಚಲ ಕಡೆ ಬರುತ್ತಿದ್ದಳು.

"ಹೋಗ್ಬತ್ತೀಯಾ?" ಎಂದಳು.

"ಹ್ಞೂಂ," ಎಂದೆ. ಟ್ಯಾಂಕಿನಲ್ಲಿ ಬಣ್ಣ ಹಾಕಿದ್ದೀನಿ ಕಣಕ್ಕ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಡತಿ ಫೋನ್ ಮಾಡಿದಳು. "ಅಕ್ಕ ಇದ್ದಕ್ಕಿದ್ದಂಗೆ ಊರಿಗೆ ಹೋಗ್ತೀನಿ ಅಂತ ಬಟ್ಟೆ ಜೋಡಿಸ್ಕೊಂಡು ಕೂತವ್ರೆ. ಡಾಕ್ಟರ್ ಹೇಳಿದ್ದು ಇನ್ನೂ ಹದಿನೈದು ದಿನ ಇದೆ ಅಂದ್ರೂ ಕೇಳ್ತಿಲ್ಲ. ಬೆಳಿಗ್ಗೆಯಿಂದ ಮುಖ ಬಿಳಿಚ್ಕೊಂಡಿದೆ. ಏನಾಯ್ತು ಅಂದ್ರೆ ಏನಿಲ್ಲ ಅಂತಾರೆ. ನೀವಾದ್ರೂ ಮಾತಾಡಿ."

ನನಗೆ ರೇಗಿತು. ನೀರಿನ ಮಾತಿಗೆ ಇಷ್ಟು ದಿನ ಸುಮ್ಮನಿದ್ದು ಈಗ ಮುನಿಸು! "ಹೋಗ್ತೀನಿ ಅಂದ್ರೆ ಹೋಗ್ಲಿ ಬಿಡು. ಕಟ್ಟಿ ಹಾಕಕ್ಕಾಗುತ್ತಾ?" ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ಊಟ ಸೇರಲಿಲ್ಲ. ತಟ್ಟೆ ಹಿಡಿದು ಎದ್ದೆ, ಕೂತೆ, ಮತ್ತೆ ಎದ್ದೆ. ಕ್ಯಾಂಟೀನಿನಲ್ಲಿ ಸಾರು ಬಡಿಸುವ ಹೆಂಗಸು ನನ್ನ ಕೈ ನೋಡಿ ಸೌಟು ಅಲ್ಲೇ ಬಿಟ್ಟಳು. "ಅಯ್ಯಯ್ಯೋ, ಏನ್ ಸಾರ್ ಕೈಯೆಲ್ಲ ರಕ್ತ?"

"ರಕ್ತ ಅಲ್ಲಮ್ಮ, ಬಣ್ಣ..." ಎಂದವನು ಅಲ್ಲೇ ನಿಂತೆ.

ಬೆಳಿಗ್ಗೆಯಿಂದ ಎಷ್ಟು ತೊಳೆದರೂ ಹೋಗದ ಕೆಂಪು. ಕೈ ನೋಡಿದವಳಿಗೇ ರಕ್ತ ಅನ್ನಿಸಿದರೆ, ಅಕ್ಕನಿಗೆ? ಅವಳು ಕೂರುವಾಗ ಕಮೋಡಿನ ನೀರು ತಿಳಿಯಾಗಿಯೇ ಇದ್ದಿರಬೇಕು. ಟ್ಯಾಂಕು ಸೋರುವುದೇ ನಿಜವಾದರೆ, ಎದ್ದು ತಿರುಗಿ ನೋಡುವಷ್ಟರಲ್ಲಿ ಕೆಂಪಾಗಿರುತ್ತದೆ. ಹಿಡಿಯನ್ನು ಅವಳು ಒತ್ತುವುದಿಲ್ಲ. ಒತ್ತಿದ್ದರೆ ಟ್ಯಾಂಕಿನಿಂದಲೇ ಕೆಂಪು ನೀರು ಬಂದು ವಿಷಯ ಗೊತ್ತಾಗುತ್ತಿತ್ತು. ಒತ್ತದ ಹಾಗೆ ಮಾಡಿದವನು ನಾನು.

ನಮ್ಮ ಅವ್ವ ಹೋದದ್ದು ಹೀಗೆಯೇ. ಮೊದಲು ಉರಿ, ಆಮೇಲೆ ಮೂತ್ರದಲ್ಲಿ ರಕ್ತ. ಆರು ತಿಂಗಳು ಅಕ್ಕನೇ ಪಕ್ಕದಲ್ಲಿ ಕೂತು ನೋಡಿಕೊಂಡಳು. ಅವ್ವನಿಗೆ ನಿಜ ಹೇಳುವುದು ಬೇಡ ಎಂದು ಎಲ್ಲರೂ ಸೇರಿ ತೀರ್ಮಾನಿಸಿದಾಗ, ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಉಷ್ಣ ಆಗೈತೆ ಅಷ್ಟೇ ಕಣವ್ವ, ಎಳನೀರು ಕುಡಿ ಹೋಗುತ್ತೆ," ಎಂದು ನಗುನಗುತ್ತಾ ಹೇಳಿದ್ದೆ. ಅದೆಲ್ಲ ಅಕ್ಕನ ಮುಂದೆಯೇ ನಡೆದದ್ದು.

ಗೆಳೆಯನ ಬೈಕಿನ ಕೀಲಿ ಕಿತ್ತುಕೊಂಡೆ. ಹೊರಡುವ ಮುಂಚೆ ಹೆಂಡತಿಗೆ ಫೋನ್ ಮಾಡಿ, ಅಕ್ಕನನ್ನು ಹಿಡಿದುಕೋ ಎಂದೆ. "ಆಗ್ಲೇ ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದ್ರು. ನೀವೇ ತಾನೇ ಹೋಗ್ಲಿ ಬಿಡು ಅಂದಿದ್ದು," ಎಂದಳು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ರಸ್ತೆಯ ಒಂದೊಂದು ತಿರುವೂ ಅವತ್ತು ನನಗೆ ಶತ್ರುವಾಗಿತ್ತು. ಮುಂದೆ ಹೋಗುತ್ತಿದ್ದ ಜಲ್ಲಿ ಲಾರಿಗಳಿಗೆಲ್ಲ ಬಾಯಿಗೆ ಬಂದಂತೆ ಬೈದೆ. ಬೈದದ್ದೆಲ್ಲ ನನಗೇ ಸಲ್ಲಬೇಕಿತ್ತು.

ಸಾಸಲಿನ ಬಸ್ಸು ಹೊರಡಲು ಗುರುಗುಡುತ್ತಾ ನಿಂತಿತ್ತು. ಕಿಟಕಿಯ ಪಕ್ಕ ಅಕ್ಕ, ಮಡಿಲಲ್ಲಿ ಬಟ್ಟೆಯ ಚೀಲ. ಹತ್ತಿ ಹೋಗಿ ಅವಳ ಮುಂದೆ ನಿಂತೆ. ಏದುಸಿರು. ಏನು ಹೇಳಬೇಕೋ ಹೇಗೆ ಹೇಳಬೇಕೋ ತೋಚದೆ ನೇರ ಕೂಗಿಬಿಟ್ಟೆ: "ಅಕ್ಕಾ, ಅದು ರಕ್ತ ಅಲ್ಲ, ಬಣ್ಣ!"

ಇಡೀ ಬಸ್ಸು ತಿರುಗಿ ನೋಡಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮೆಲ್ಲಗೆ ಮಾತಾಡೋ, ಮಾನ ಕಳೀಬ್ಯಾಡ," ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಯಾವ ಬಣ್ಣ?"

"ಟ್ಯಾಂಕಿಗೆ ನಾನೇ ಹಾಕಿದ್ದು, ಸೋರುತ್ತಾ ನೋಡಕ್ಕೆ. ನೋಡು ನನ್ನ ಕೈ!"

ನನ್ನ ಬೆರಳನ್ನು ಅವಳು ಹಿಡಿದು ನೋಡಲಿಲ್ಲ. ನನ್ನ ಮುಖವನ್ನು ನೋಡಿದಳು. "ಅವ್ವಂಗೂ ಉಷ್ಣ ಅಂತ ನೀನೇ ಅಂದಿದ್ದೆ. ನಗ್ತಾ ಅಂದಿದ್ದೆ. ನನಗೆ ಗೊತ್ತಿಲ್ವಾ ನಿನ್ನ ವಿದ್ಯೆ? ಬುಡಪ್ಪ, ನಾನು ನಮ್ಮೂರಾಗೇ ಇರ್ತೀನಿ. ಅಲ್ಲಿ ನೀರೈತೆ. ನಿಮ್ಮ ಮನೇಲಿ ಮಲಗಿದ್ರೆ ಎತ್ತಿ ಹಾಕಕ್ಕೆ, ತೊಳಿಯಕ್ಕೆ ನೀರೆಲ್ಲಿ ತತ್ತೀರಾ?"

ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ, "ಏನಪ್ಪಾ, ಇಳೀತೀರೋ, ಟಿಕೆಟ್ ತಗೋತೀರೋ?" ಎಂದರು. ನಾನು ಅಕ್ಕನ ಚೀಲ ಕಿತ್ತುಕೊಂಡೆ. "ಒಂದು ಗಂಟೆ ಮನೆಗೆ ಬಾ. ನಾನು ಹೇಳಿದ್ದು ಸುಳ್ಳಾದ್ರೆ ನಾನೇ ನಿನ್ನ ಊರಿಗೆ ಬಿಟ್ಟು ಬರ್ತೀನಿ. ಬರಲ್ಲ ಅಂದ್ರೆ ಇಲ್ಲೇ ಎಲ್ರ ಮುಂದೆ ಎಲ್ಲಾ ಬಿಡಿಸಿ ಹೇಳ್ತೀನಿ ನೋಡು." ಅಕ್ಕ ಇಳಿದದ್ದು ನನ್ನನ್ನು ನಂಬಿ ಅಲ್ಲ, ನನ್ನ ಬಾಯಿಗೆ ಹೆದರಿ.

ಮನೆಗೆ ಬಂದು ಕಮೋಡನ್ನು ನಾಲ್ಕು ಬಕೆಟ್ ನೀರು ಸುರಿದು ತೊಳೆದೆ. ಹಿಡಿದಿಟ್ಟಿದ್ದ ನೀರೆಲ್ಲ ಮುಗಿಯಿತು, ಮಹಡಿಯ ಟ್ಯಾಂಕಿನ ತಳದಲ್ಲಿ ಒಂದಿಷ್ಟು ಉಳಿದಿತ್ತು ಅಷ್ಟೇ. ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದೆ, ಒಳಗೆ ಇನ್ನೂ ಕೆಂಪು. "ಇದನ್ನ ನೀನು ಈಗ ಬಂದು ಹಾಕಿರಬೋದು," ಎಂದಳು ಅಕ್ಕ. ಹೌದು, ನಂಬಿಸುವಂಥ ಮನುಷ್ಯನೇ ಅಲ್ಲ ನಾನು. ಅವಳಿಗೊಂದು ಸ್ಟೂಲ್ ಹಾಕಿ ಬಚ್ಚಲ ಬಾಗಿಲಲ್ಲಿ ಕೂರಿಸಿದೆ. ಹೆಂಡತಿ ಅವಳ ಹಿಂದೆ ನಿಂತಳು. ಮೂವರೂ ಕಮೋಡನ್ನು ನೋಡುತ್ತಾ ಕಾದೆವು. ಬಿಳಿ ಪಿಂಗಾಣಿ, ತಿಳಿ ನೀರು. ಒಂದು ನಿಮಿಷ, ಎರಡು ನಿಮಿಷ. ಏನೂ ಇಲ್ಲ.

ತಿಂಗಳಿಂದ ಸೋರುವುದಿಲ್ಲ ಸೋರುವುದಿಲ್ಲ ಎಂದು ಹಟ ಹಿಡಿದಿದ್ದ ನಾನು ಆಗ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಸೋರಪ್ಪ, ದಮ್ಮಯ್ಯ, ಸೋರು.

ಅಂಚಿನ ಕೆಳಗಿನಿಂದ ಒಂದು ಕೆಂಪು ಎಳೆ ಇಳಿಯಿತು. ನೂಲಿನಷ್ಟು ಸಣ್ಣ. ಮೆಲ್ಲಗೆ ಜಾರಿ ನೀರು ಸೇರಿ ಹರಡಿತು. ಅದರ ಹಿಂದೆ ಇನ್ನೊಂದು. ಸೋರಿದಷ್ಟನ್ನು ತುಂಬಿಸಿಕೊಳ್ಳಲು ಟ್ಯಾಂಕು ಸುಯ್ ಎಂದಿತು. ಯಾರೂ ಕೂತಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ನೀರು ನಮ್ಮ ಕಣ್ಣೆದುರೇ ಕೆಂಪಾಯಿತು. ಹೆಂಡತಿ ಹಿಂದೆ ನಿಂತು ಅಳಲು ಶುರುಮಾಡಿದಳು.

ಅಕ್ಕ ಸ್ಟೂಲಿನಿಂದಲೇ ಬಗ್ಗಿ ನೋಡಿದಳು. ನಾನು ಸಾಯಲ್ಲ ಹಂಗಾದ್ರೆ ಎನ್ನುತ್ತಾಳೆ ಎಂದು ಕಾದೆ. ಅವಳು ಅಂದದ್ದು ಬೇರೆ.

"ಹಂಗಾರೆ ನೀರು ನಾನು ಖಾಲಿ ಮಾಡ್ತಿರ್ಲಿಲ್ಲ ಅಲ್ವೇನೋ?"

ಬಚ್ಚಲ ಒದ್ದೆ ನೆಲದ ಮೇಲೆ ಅವಳ ಕಾಲ ಹತ್ತಿರ ಕೂತುಬಿಟ್ಟೆ. "ತಪ್ಪಾಯ್ತು ಕಣಕ್ಕ," ಎಂದೆ. ಆ ಮಾತನ್ನು ನನ್ನ ಜನ್ಮದಲ್ಲಿ ಯಾರಿಗೂ ಅಂದವನಲ್ಲ. ಅಕ್ಕ ನನ್ನ ತಲೆಗೆ ಒಂದು ಮೊಟಕಿದಳು, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆಯೇ, ಬೆರಳ ಗಿಣ್ಣಿನಿಂದ. ಸರಿಯಾಗಿ ನೋವಾಯಿತು.

"ಏಳು ಮೇಲೆ. ತಳದಾಗೆ ಏನೈತೆ, ಬಿಚ್ಚು ನೋಡನ," ಎಂದಳು.

ಮೇಲಿನಿಂದ ಬರುವ ನೀರು ಕಟ್ಟಿ, ಟ್ಯಾಂಕ್ ಖಾಲಿ ಮಾಡಿ, ತಳದಲ್ಲಿ ನೀರು ತಡೆಯುವ ರಬ್ಬರ್ ಬಿಲ್ಲೆಯನ್ನು ಬಿಚ್ಚಿ ಅವಳ ಕೈಗಿಟ್ಟೆ. ಒಣಗಿ ಕಲ್ಲಾಗಿತ್ತು. ಒಂದು ಕಡೆ ಉಗುರಿನಷ್ಟು ಚೂರು ಹೋಗಿತ್ತು. ಅಕ್ಕ ತಿರುಗಿಸಿ ನೋಡಿ ನಕ್ಕಳು. "ಥೂ, ಇದು ಪಂಪಿನ ಫುಟ್‌ವಾಲ್ ವಾಷರ್ ಇದ್ದಂಗೇ ಐತಲ್ಲೋ! ಬಾವೀಲಿ ಇದನ್ನ ಎಷ್ಟು ಸಲ ನಾನೇ ಕುಯ್ದು ಹಾಕಿಲ್ಲ? ಹೋಗು, ಪಂಚರ್ ಅಂಗಡೀಲಿ ಲಾರಿ ಟ್ಯೂಬಿನ ತುಂಡು ಇಸ್ಕೊಂಡು ಬಾ. ಸೈಕಲ್‌ದು ತರಬ್ಯಾಡ, ತೆಳು."

ತಂದೆ. ಹಳೇ ಬಿಲ್ಲೆಯನ್ನು ಟ್ಯೂಬಿನ ಮೇಲಿಟ್ಟು ಪೆನ್ನಿನಲ್ಲಿ ಗೆರೆ ಎಳೆದಳು. ಕತ್ತರಿಯಿಂದ ಒಂದೇ ಸುತ್ತಿಗೆ ಕತ್ತರಿಸಿ, ಅಂಚನ್ನು ಒಗೆಯುವ ಕಲ್ಲಿಗೆ ಉಜ್ಜಿ ಸಮ ಮಾಡಿದಳು. ನಾನು ಹಾಕಲು ಹೋದರೆ ತಡೆದಳು. "ಅದು ಕೂರೋ ಜಾಗದಾಗೆ ಬಿಳಿ ಕಟ್ಟೈತೆ, ಕೈಯಾಡ್ಸು, ಸಿಗುತ್ತೆ. ಅದನ್ನ ಮೊದ್ಲು ಉಜ್ಜು. ಅದಿದ್ರೆ ಎಂಥ ವಾಷರ್ ಹಾಕಿದ್ರೂ ಸೋರೋದೇ." ಉಜ್ಜಿದೆ. ಸುಣ್ಣದ ಪದರ ಪುಡಿಪುಡಿಯಾಗಿ ಬಂತು.

"ಇಷ್ಟೆಲ್ಲ ಗೊತ್ತಿದ್ದು ಮೊದ್ಲೇ ಯಾಕಕ್ಕ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ನೂರು ವರ್ಷಕ್ಕೂ ಏನೂ ಆಗಲ್ಲ ಅಂತ ಬೀದಿಗೆಲ್ಲ ಸಾರಿದ್ದೆ. ನಾನು ಸೋರ್ತೈತೆ ಅಂದಿದ್ರೆ ನನ್ನ ನುಂಗ್ಬಿಡ್ತಿದ್ದೆ."

ಮಾರನೇ ದಿನ ನಲ್ಲಿ ನೀರು ಬಂತು. ಟ್ಯಾಂಕು ತುಂಬಿ ಸುಮ್ಮನಾಯಿತು. ಕಿವಿಯಿಟ್ಟು ಕೇಳಿದೆ, ಮಗ್ಗಗಳ ಸದ್ದು ಬಿಟ್ಟರೆ ಏನೂ ಇಲ್ಲ. ಅಕ್ಕನ ಉರಿಯನ್ನೂ ಡಾಕ್ಟರಿಗೆ ತೋರಿಸಿದೆವು. ಪರೀಕ್ಷೆ ಮಾಡಿಸಿ ನೋಡಿ, "ಏನೂ ಇಲ್ಲ, ನೀರು ಕುಡೀತಿಲ್ಲ ಇವರು. ಉಷ್ಣ ಆಗಿದೆ ಅಷ್ಟೇ," ಎಂದರು. ಆ ಪದ ಕೇಳಿ ಅಕ್ಕ ನನ್ನ ಕಡೆ ತಿರುಗಿದಳು. ನಾನು ನಗಲಿಲ್ಲ. ನಾನು ನಗದಿದ್ದದ್ದನ್ನು ನೋಡಿ ಅವಳು ನಂಬಿದಳು.

ಮನೆಗೆ ಬಂದವಳೇ ಹೆಂಡತಿಯನ್ನು ಕರೆದು, "ಒಂದ್ ಚೊಂಬು ನೀರು ಕೊಡವ್ವ," ಎಂದಳು. ನಿಂತಲ್ಲೇ ಗಟಗಟ ಕುಡಿದಳು. ಇನ್ನೊಂದು ಚೊಂಬು ಇಸಿದುಕೊಂಡು ಅದನ್ನೂ ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ನಾನು ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಎಷ್ಟು ಹೊತ್ತಾದರೂ ಹಿಡಿ ಒತ್ತಿದ ಸದ್ದು ಬರಲಿಲ್ಲ. ಆಮೇಲೆ ಬಾಗಿಲ ಹಿಂದಿನಿಂದ ಅಕ್ಕನ ದನಿ ಕೇಳಿತು.

"ಲೋ... ಒತ್ಲೇನೋ?"

ಪೇಪರ್ ಕೆಳಗಿಟ್ಟೆ. "ಒತ್ತಕ್ಕ," ಎಂದೆ. "ಎರಡು ಸಲ ಒತ್ತು. ನಾಲ್ಕು ಸಲ ಒತ್ತು."

ಅಕ್ಕ ಒಂದೇ ಸಲ ಒತ್ತಿದಳು.